ಅಣಬೆ ಮೋಡದ ಎತ್ತರ ಅಳೆಯುವುದು ಹೇಗೆ: ನಮ್ಮ ಟೆರೇಸಿನಿಂದ ಹಳೆಯ ಫಿಲ್ಮುಗಳವರೆಗೆ

ಏಪ್ರಿಲ್, ಮೇ ತಿಂಗಳಲ್ಲಿ ಮಳೆ ಬರುವ ಲಕ್ಷಣ ಇದ್ದ ದಿನ, ಸಂಜೆ ಐದಕ್ಕೆ ಜಯನಗರದ ನಮ್ಮ ಮನೆ ಟೆರೇಸ್ ಮೇಲೆ ನಿಂತರೆ ಕೋಲಾರದ ಕಡೆ ಗುಡುಗಿನ ಮೋಡ ಏಳುವುದು ಕಾಣುತ್ತದೆ. ಸೂರ್ಯ ನಮ್ಮ ಬೆನ್ನಿಗೆ ಇರುತ್ತಾನೆ. ಹಾಗಾಗಿ ಮೋಡದ ಮೈಮೇಲಿನ ಒಂದೊಂದು ಉಬ್ಬೂ ಬೆಳಗುತ್ತದೆ. ಹೂಕೋಸಿನ ಹಾಗೆ ಉಬ್ಬುತ್ತಾ ಉಬ್ಬುತ್ತಾ ಮೇಲೆ ಹೋಗಿ, ಒಂದು ಎತ್ತರ ಮುಟ್ಟಿದ ಮೇಲೆ ತಲೆ ಚಪ್ಪಟೆಯಾಗಿ ಅಗಲಕ್ಕೆ ಹರಡುತ್ತದೆ. ಪರಮಾಣು ಸ್ಫೋಟದ ಹಳೆಯ ಫಿಲ್ಮುಗಳಲ್ಲಿ ಮೋಡದ ಎತ್ತರ ಅಳೆಯುವುದನ್ನು ನಾನು ಕಲಿತದ್ದು ಈ ಮೋಡಗಳ ಮೇಲೆಯೇ. ನೀವೂ ಇಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಫಿಲ್ಮಿನಲ್ಲಿ ತಪ್ಪಿದರೆ ತಪ್ಪಿದ್ದು ಗೊತ್ತಾಗುವುದಿಲ್ಲ. ಟೆರೇಸಿನ ಮೇಲೆ ತಪ್ಪಿದರೆ ನಾಳೆ ಇನ್ನೊಂದು ಮೋಡ ಬರುತ್ತದೆ.

ಎರಡರಲ್ಲೂ ಬೇಕಾದದ್ದು ಮೂರೇ: ಕೋನ, ದೂರ, ಸಮಯ. ಕೋನ ಸುಲಭ. ಸಮಯಕ್ಕೆ ಸ್ವಲ್ಪ ಎಚ್ಚರ ಬೇಕು. ದೂರ ಮಾತ್ರ ಇಡೀ ಅಳತೆಯ ಹಣೆಬರಹ ಬರೆಯುತ್ತದೆ. ದೂರ ಗೊತ್ತಿಲ್ಲದ ಚಿತ್ರದಿಂದ ಎತ್ತರ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ.

ಎತ್ತರ ಯಾಕೆ ಬೇಕು

ಮೋಡ ಎಲ್ಲಿಯವರೆಗೆ ಏರಿತು ಎಂಬುದರ ಮೇಲೆ ವಿಕಿರಣ ಧೂಳು ಯಾರ ಮೇಲೆ, ಯಾವಾಗ ಬೀಳುತ್ತದೆ ಎಂಬುದು ನಿಂತಿದೆ. ಮಳೆ ಮೋಡಗಳು ಓಡಾಡುವ ಎತ್ತರದಲ್ಲೇ ಧೂಳು ಉಳಿದರೆ ಕೆಲವು ದಿನ, ಕೆಲವು ವಾರಗಳಲ್ಲಿ ಮಳೆಯ ಜೊತೆ ಇಳಿದುಬಿಡುತ್ತದೆ. ಅದಕ್ಕೂ ಮೇಲಿನ ಸ್ಟ್ರಾಟೋಸ್ಫಿಯರ್‌ಗೆ ಹೋದರೆ ಸಣ್ಣ ಕಣಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ತೇಲುತ್ತಾ ಭೂಮಿಯನ್ನೆಲ್ಲ ಸುತ್ತುತ್ತವೆ.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಕ್ಯಾಸಲ್ ಬ್ರಾವೊ ಎಂಬ ಹೈಡ್ರೋಜನ್ ಬಾಂಬ್ 15 ಮೆಗಾಟನ್ ಶಕ್ತಿಯದ್ದು, ಅಂದರೆ 150 ಲಕ್ಷ ಟನ್ ಟಿಎನ್‌ಟಿ ಸ್ಫೋಟಕ ಸಿಡಿದಷ್ಟು. ಲೆಕ್ಕ ಹಾಕಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಬಂತು. ಹತ್ತು ನಿಮಿಷದೊಳಗೆ ಅದರ ಮೋಡ ಸುಮಾರು 40 ಕಿ.ಮೀ. ಎತ್ತರ, 100 ಕಿ.ಮೀ. ಅಗಲ ಆಯಿತು. ಹವಳದ ಪುಡಿ ಬಿಳಿ ಬೂದಿಯಾಗಿ ರೊಂಗೆಲಾಪ್ ದ್ವೀಪದ ಜನರ ಮೇಲೆ ಬಿತ್ತು. ಜಪಾನಿನ ಮೀನುಗಾರಿಕೆ ದೋಣಿ ದೈಗೊ ಫುಕುರ್ಯು ಮಾರುವಿನಲ್ಲಿದ್ದ 23 ಜನರ ಮೇಲೂ ಬಿತ್ತು. ಅವರಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದ ಕುಬೊಯಾಮಾ ಐಕಿಚಿ ಅದೇ ಸೆಪ್ಟೆಂಬರ್ 23ರಂದು ತೀರಿಕೊಂಡರು. ಒಂದೊಂದು ಫ್ರೇಮ್ ಅಳೆಯುವಾಗಲೂ ಈ ಮೋಡದ ಕೆಳಗೆ ಜನ ಇದ್ದರು ಎಂಬುದು ನನಗೆ ನೆನಪಿರುತ್ತದೆ. ಅಳತೆಯಲ್ಲಿ ಸೋಮಾರಿತನ ಮಾಡಬಾರದು ಎನಿಸುವುದು ಅದಕ್ಕೇ.

ಕ್ಯಾಮೆರಾವನ್ನು ಕೋನ ಅಳೆಯುವ ಸಾಧನ ಮಾಡಿಕೊಳ್ಳಿ

ನಿಮ್ಮ ಮೊಬೈಲ್ ಕ್ಯಾಮೆರಾ ಸಾಕು. ಆದರೆ ಅದರಲ್ಲಿ ಎಷ್ಟು ಪಿಕ್ಸೆಲ್ ಅಂದರೆ ಎಷ್ಟು ಕೋನ ಎಂದು ಮೊದಲು ನೀವೇ ಕಂಡುಕೊಳ್ಳಬೇಕು. ಕಂಪನಿ ಹೇಳಿದ ಲೆನ್ಸ್ ಅಂಕಿಯನ್ನು ನಂಬಿ ಕೂರಬೇಡಿ.

ಗೋಡೆಯ ಮೇಲೆ ಮೇಸ್ತ್ರಿ ಟೇಪಿನಿಂದ ಸರಿಯಾಗಿ 1 ಮೀಟರ್ ಗುರುತು ಮಾಡಿ. ಕ್ಯಾಮೆರಾವನ್ನು ಗೋಡೆಗೆ ನೇರವಾಗಿ, 3 ಮೀಟರ್ ದೂರದಲ್ಲಿ ಸ್ಟ್ಯಾಂಡ್ ಮೇಲೆ ಇಡಿ. ಗುರುತು ಚಿತ್ರದ ನಡುವೆ ಬರುವ ಹಾಗೆ ಫೋಟೋ ತೆಗೆಯಿರಿ. ಆ 1 ಮೀಟರ್ ಎಷ್ಟು ಪಿಕ್ಸೆಲ್ ಆಯಿತು ಎಂದು ಕಂಪ್ಯೂಟರಿನಲ್ಲಿ ಎಣಿಸಿ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಇದಕ್ಕೆ ಚೆನ್ನಾಗಿದೆ. 1000 ಪಿಕ್ಸೆಲ್ ಬಂತು ಎಂದುಕೊಳ್ಳಿ. ಅದನ್ನು ದೂರದಿಂದ, ಅಂದರೆ 3ರಿಂದ ಗುಣಿಸಿ. 3000 ಬಂತು. ಇದೇ ನಿಮ್ಮ ಕ್ಯಾಮೆರಾದ ಸಂಖ್ಯೆ. ಮುಂದಿನ ಎಲ್ಲ ಲೆಕ್ಕಕ್ಕೂ ಇದು ಬೇಕು. ಬರೆದಿಟ್ಟುಕೊಳ್ಳಿ.

ಎರಡು ಎಚ್ಚರಿಕೆ. ಜೂಮ್ ಮುಟ್ಟಬೇಡಿ, ಮುಟ್ಟಿದರೆ ಸಂಖ್ಯೆ ಬದಲಾಗುತ್ತದೆ. ವಿಡಿಯೋ ಮಾಡುವಾಗ ಮೊಬೈಲ್ ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸುತ್ತದೆ. ಹಾಗಾಗಿ ಫೋಟೋಗೆ ಒಂದು ಸಂಖ್ಯೆ, ವಿಡಿಯೋಗೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಮಟ್ಟ ಕಂಡುಹಿಡಿಯುವುದು

ಕೋನವನ್ನು ಎಲ್ಲಿಂದ ಅಳೆಯಬೇಕು? ಮಟ್ಟದ ರೇಖೆಯಿಂದ. ಸಮುದ್ರ ತೀರದಲ್ಲಾದರೆ ದಿಗಂತ ಕಾಣುತ್ತದೆ. ಬೆಂಗಳೂರಿನಲ್ಲಿ ದಿಗಂತ ಇರಬೇಕಾದ ಜಾಗದಲ್ಲಿ ಅಪಾರ್ಟ್‌ಮೆಂಟು, ನೀರಿನ ಟ್ಯಾಂಕು, ಮರ ಇರುತ್ತವೆ. ಇದಕ್ಕೆ ಒಳ್ಳೆಯ ಉಪಾಯ ಕಟ್ಟಡ ಕೆಲಸದವರ ಹತ್ತಿರವೇ ಇದೆ. ನೀರು ತುಂಬಿದ ಪಾರದರ್ಶಕ ಪೈಪು. ಮೇಸ್ತ್ರಿಗಳು ಗೋಡೆಯಿಂದ ಗೋಡೆಗೆ ಮಟ್ಟ ಹಿಡಿಯುವುದು ಇದರಲ್ಲೇ ಅಲ್ವಾ. ಪೈಪಿನ ಒಂದು ತುದಿಯ ನೀರು ಕ್ಯಾಮೆರಾ ಲೆನ್ಸಿನ ಎತ್ತರಕ್ಕೆ ಬರುವ ಹಾಗೆ ಹಿಡಿಯಿರಿ. ಇನ್ನೊಂದು ತುದಿಯನ್ನು ಟೆರೇಸಿನ ಆಚೆ ಕೊನೆಯ ಕಂಬಕ್ಕೆ ಹಿಡಿದು, ನೀರು ನಿಂತ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಫೋಟೋದಲ್ಲಿ ಆ ಗೆರೆ ಎಲ್ಲಿದೆಯೋ ಅಲ್ಲಿ ಮಟ್ಟ.

ಕಂಬ 10 ಮೀಟರ್ ದೂರದಲ್ಲಿದ್ದು ಗೆರೆ 1 ಸೆಂಟಿಮೀಟರ್ ತಪ್ಪಿತು ಎಂದುಕೊಳ್ಳಿ. 60 ಕಿ.ಮೀ. ಆಚೆಯ ಮೋಡದಲ್ಲಿ ಅದು 60 ಮೀಟರ್ ತಪ್ಪು. ಸಹಿಸಬಹುದು. ಮೊಬೈಲಿನ ಒಳಗಿನ ಲೆವೆಲ್ ಆ್ಯಪ್ ಅರ್ಧ ಡಿಗ್ರಿ ತಪ್ಪಿದರೂ ಸಾಕು, ಅದೇ ಮೋಡ 500 ಮೀಟರಿಗೂ ಜಾಸ್ತಿ ತಪ್ಪುತ್ತದೆ. ಹಾಗಾಗಿ ನನ್ನ ಮತ ಪೈಪಿಗೇ.

ಕ್ಯಾಮೆರಾವನ್ನು ಮೇಲಕ್ಕೆ ವಾಲಿಸದೆ ಮಟ್ಟವಾಗಿಯೇ ಇಡಿ. ಆಗ ಚಾಕ್‌ಪೀಸಿನ ಗೆರೆ ಚಿತ್ರದ ನಡುವೆ ಬರುತ್ತದೆ, ಲೆಕ್ಕ ಸರಳವಾಗುತ್ತದೆ. ವಾಲಿಸಲೇಬೇಕಾದರೆ ಮೋಡದ ತುದಿಗೂ ಗೆರೆಗೂ ಚಿತ್ರದ ನಡುಬಿಂದುವಿನಿಂದ ಬೇರೆ ಬೇರೆ ಕೋನ ಕಂಡುಹಿಡಿದು ಆಮೇಲೆ ಕೂಡಿಸಬೇಕು. ಸುಮ್ನೆ ಪಿಕ್ಸೆಲ್ ಕಳೆದರೆ ಉತ್ತರ ಕೆಡುತ್ತದೆ.

ದೂರ

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. ಚಿಕ್ಕಂದಿನಲ್ಲಿ ಎಲ್ಲರೂ ಮಾಡಿರುತ್ತೇವೆ. ಆದರೆ ಗುಡುಗು ಹದಿನೈದು, ಇಪ್ಪತ್ತು ಕಿಲೋಮೀಟರ್ ಆಚೆಯಿಂದ ಕೇಳುವುದು ಕಷ್ಟ. ಅಷ್ಟು ಹತ್ತಿರದ ಮೋಡ ಎತ್ತರ ಅಳೆಯಲು ಒಳ್ಳೆಯದೂ ಅಲ್ಲ. ಕಾರಣ ಮುಂದೆ ಹೇಳುತ್ತೇನೆ.

ದೂರದ ಮೋಡಕ್ಕೆ ಇನ್ಸಾಟ್ ಉಪಗ್ರಹ ಚಿತ್ರ ನೋಡಿ. ಹವಾಮಾನ ಇಲಾಖೆಯ ತಾಣದಲ್ಲಿ ಅರ್ಧ ಗಂಟೆಗೊಮ್ಮೆ ಹೊಸದು ಬರುತ್ತದೆ. ಒಂದು ಸೂಕ್ಷ್ಮ ನೆನಪಿರಲಿ. ಈ ಉಪಗ್ರಹಗಳು ಭೂಮಧ್ಯ ರೇಖೆಯ ಮೇಲೆ ನಿಂತು ನಮ್ಮನ್ನು ಓರೆಯಾಗಿ ನೋಡುತ್ತವೆ. ಹಾಗಾಗಿ 14 ಕಿ.ಮೀ. ಎತ್ತರದ ಮೋಡದ ತಲೆ ಇದ್ದ ಜಾಗಕ್ಕಿಂತ ಸುಮಾರು 4 ಕಿ.ಮೀ. ಉತ್ತರಕ್ಕೆ ಸರಿದಂತೆ ಕಾಣುತ್ತದೆ. ಸಿಡಿಲು ಬಿದ್ದ ಜಾಗ ತೋರಿಸುವ ದಾಮಿನಿ ಆ್ಯಪ್ ಹತ್ತಿರದ ಮೋಡಗಳಿಗೆ ಸಹಾಯ ಮಾಡುತ್ತದೆ.

ಇವೆಲ್ಲಕ್ಕಿಂತ ಚೆನ್ನಾದ ದಾರಿ ಎರಡು ಟೆರೇಸ್. ನನ್ನ ಗೆಳತಿಯ ಮನೆ ಮಲ್ಲೇಶ್ವರದಲ್ಲಿ. ಜಯನಗರದಿಂದ ನೇರ ಗೆರೆಯಲ್ಲಿ ಸುಮಾರು 8 ಕಿ.ಮೀ. ಉತ್ತರಕ್ಕೆ. ಪೂರ್ವದ ಮೋಡಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕಿಲ್ಲ. ಇಬ್ಬರೂ ಒಂದೇ ನಿಮಿಷ, ಒಂದೇ ಸೆಕೆಂಡಿಗೆ ಫೋಟೋ ತೆಗೆಯುತ್ತೇವೆ. ಮೋಡದ ಒಂದೇ ಉಬ್ಬನ್ನು ಗುರುತಿಸಿ, ಅದು ಯಾವ ದಿಕ್ಕಿನಲ್ಲಿದೆ ಎಂದು ಅಳೆಯುತ್ತೇವೆ. ಮೋಡ 60 ಕಿ.ಮೀ. ದೂರ ಇದ್ದರೆ ಎರಡು ದಿಕ್ಕುಗಳ ನಡುವೆ ಸುಮಾರು ಏಳೂವರೆ ಡಿಗ್ರಿ ವ್ಯತ್ಯಾಸ ಇರುತ್ತದೆ. ದಿಕ್ಕಿನಲ್ಲಿ ಅರ್ಧ ಡಿಗ್ರಿ ತಪ್ಪಿದರೆ ದೂರ ಆರೇಳು ಶೇಕಡ ತಪ್ಪುತ್ತದೆ. ಮೊಬೈಲಿನ ದಿಕ್ಸೂಚಿ ಅಷ್ಟು ಸಣ್ಣದನ್ನು ಹಿಡಿಯಲಾರದು. ಹಾಗಾಗಿ ಫೋಟೋದಲ್ಲಿ ಕಾಣುವ ಒಂದು ಎತ್ತರದ ಕಟ್ಟಡ ಹುಡುಕಿ. ಗೂಗಲ್ ಅರ್ಥ್‌ನಲ್ಲಿ ನಿಮ್ಮ ಟೆರೇಸಿನಿಂದ ಅದಕ್ಕೆ ಗೆರೆ ಎಳೆದರೆ ದಿಕ್ಕು ಸಿಗುತ್ತದೆ. ಅಲ್ಲಿಂದ ಮೋಡದವರೆಗೆ ಪಿಕ್ಸೆಲ್ ಎಣಿಸಿ.

ಈ ಕೆಲಸಕ್ಕೆ ನಮ್ಮ ಊರಿನಲ್ಲಿ ಹಳೆಯ ನಂಟಿದೆ. 1800ರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಇದೇ ಬೆಂಗಳೂರಿನ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಆಧಾರ ರೇಖೆಯನ್ನು ಸರಪಳಿ ಹಿಡಿದು ಅಳೆದ. ಮುಂದೆ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆದ ದೊಡ್ಡ ಸರ್ವೆಗೆ ನಾಂದಿ ಹಾಡಿದ್ದು ಇಂಥ ಕೆಲಸಗಳೇ. ಗೆಳತಿಯ ಮನೆಯಿಂದ ನಮ್ಮ ಮನೆಗೆ ಮ್ಯಾಪಿನಲ್ಲಿ ಗೆರೆ ಎಳೆಯುವಾಗಲೆಲ್ಲ ನನಗೆ ಆ ಸರಪಳಿ ಕಣ್ಣಿಗೆ ಬರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ

ಮೋಡದ ತುದಿ ಮಟ್ಟದ ಗೆರೆಗಿಂತ 650 ಪಿಕ್ಸೆಲ್ ಮೇಲಿದೆ. ಕ್ಯಾಮೆರಾ ಸಂಖ್ಯೆ 3000. ದೂರ 60 ಕಿ.ಮೀ. 650ನ್ನು 3000ದಿಂದ ಭಾಗಿಸಿ 60ರಿಂದ ಗುಣಿಸಿದರೆ 13 ಕಿ.ಮೀ.

ಇದಕ್ಕೆ ಇನ್ನೆರಡು ಸೇರಬೇಕು. ಭೂಮಿ ಗುಂಡಗಿದೆ, ದೂರದ ಮೋಡದ ಬುಡ ನಮ್ಮ ಮಟ್ಟಕ್ಕಿಂತ ಕೆಳಗೆ ಇಳಿದಿರುತ್ತದೆ. ಬೆಳಕು ಗಾಳಿಯಲ್ಲಿ ಸ್ವಲ್ಪ ಬಾಗಿ ಬರುವುದನ್ನೂ ಸೇರಿಸಿದರೆ ಲೆಕ್ಕ ಹೀಗೆ: ದೂರವನ್ನು ದೂರದಿಂದಲೇ ಗುಣಿಸಿ 14,900ರಿಂದ ಭಾಗಿಸಿ. 60ಕ್ಕೆ ಇದು 0.24 ಕಿ.ಮೀ. ಆಮೇಲೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಟೆರೇಸ್ ಇನ್ನು ಹತ್ತು ಮೀಟರ್. ಎಲ್ಲ ಕೂಡಿಸಿದರೆ ಸುಮಾರು 14.2 ಕಿ.ಮೀ. ಅದು ಸಮುದ್ರ ಮಟ್ಟದಿಂದ ಮೋಡದ ತುದಿ.

ಎತ್ತರ ಹೇಳುವಾಗ ನೆಲದಿಂದಲೋ ಸಮುದ್ರ ಮಟ್ಟದಿಂದಲೋ ಎಂದು ಯಾವಾಗಲೂ ಹೇಳಿ. ಹಳೆಯ ಪರೀಕ್ಷೆಗಳ ಅಂಕಿಗಳಲ್ಲಿ ಈ ಗೊಂದಲ ಬಹಳ. ಅಮೆರಿಕದ ನೆವಾಡಾದ ಪರೀಕ್ಷಾ ಬಯಲು ಬೆಂಗಳೂರಿನ ಹಾಗೆ ಸಮುದ್ರ ಮಟ್ಟಕ್ಕಿಂತ ಸುಮಾರು ಒಂದು ಕಿಲೋಮೀಟರ್ ಮೇಲಿದೆ. ಬಿಕಿನಿ ಸಮುದ್ರದ ಮಟ್ಟದಲ್ಲೇ ಇದೆ. ಹೇಗೆ ಅಳೆದದ್ದು ಎಂದು ನೋಡದೆ ಎರಡನ್ನು ಹೋಲಿಸಿದರೆ ಅಲ್ಲೇ ಒಂದು ಕಿಲೋಮೀಟರ್ ಎಡವಟ್ಟಾಗುತ್ತದೆ.

60 ಕಿ.ಮೀ.ಗೆ 0.24 ಸಣ್ಣದು ಅನಿಸಬಹುದು. ಅದೇ 300 ಕಿ.ಮೀ. ದೂರಕ್ಕೆ ಆರು ಕಿಲೋಮೀಟರ್ ಆಗುತ್ತದೆ. ಪೆಸಿಫಿಕ್ ಪರೀಕ್ಷೆಗಳ ಚಿತ್ರಗಳನ್ನು ದೂರದ ಹಡಗು, ವಿಮಾನಗಳಿಂದ ತೆಗೆದಾಗ ಇದನ್ನು ಮರೆತರೆ ಮೋಡದ ಬುಡದ ಆರು ಕಿಲೋಮೀಟರ್ ಲೆಕ್ಕದಿಂದಲೇ ಬಿದ್ದುಹೋಗುತ್ತದೆ.

ಏರುವ ವೇಗ

ಬಲವಾಗಿ ಏರುವ ಗುಡುಗಿನ ಮೋಡ ಸೆಕೆಂಡಿಗೆ ಹತ್ತು ಮೀಟರಿನಷ್ಟು ಮೇಲೆ ಹೋಗುತ್ತದೆ ಎಂದುಕೊಳ್ಳಿ. 60 ಕಿ.ಮೀ. ದೂರದಲ್ಲಿ, ನಮ್ಮ ಕ್ಯಾಮೆರಾದಲ್ಲಿ, ಹತ್ತು ಸೆಕೆಂಡಿಗೆ ಬರೀ 5 ಪಿಕ್ಸೆಲ್. ಮೋಡದ ಅಂಚೇ ಅಷ್ಟು ಮಸುಕಾಗಿರುತ್ತದೆ. ಹಾಗಾಗಿ ಅರ್ಧ ನಿಮಿಷಕ್ಕೊಂದು ಚಿತ್ರ ಸಾಕು. ಕ್ಯಾಮೆರಾ ಅಲುಗಬಾರದು. ಪ್ರತಿ ಚಿತ್ರದಲ್ಲೂ ಅದೇ ಉಬ್ಬನ್ನು ಹಿಡಿಯಬೇಕು. ಒಂದು ಉಬ್ಬು ಬಾಡಿ ಅದರ ಪಕ್ಕದ್ದು ಮೇಲೆ ಬಂದಾಗ ಕಣ್ಣು ಅದಕ್ಕೆ ಹಾರಿಬಿಡುತ್ತದೆ. ಸಮಯಕ್ಕೆ ಎದುರಾಗಿ ಎತ್ತರ ಗುರುತಿಸಿದ ಗ್ರಾಫಿನಲ್ಲಿ ಹಠಾತ್ತನೆ ಒಂದು ಮೆಟ್ಟಿಲು ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ.

ಮೋಡ ಏಕೆ ನಿಲ್ಲುತ್ತದೆ ಎಂಬುದೂ ಇಲ್ಲೇ ಕಾಣುತ್ತದೆ. ಬಿಸಿ ಗಾಳಿ ಸುತ್ತಲಿನ ಗಾಳಿಗಿಂತ ಹಗುರ, ಅದಕ್ಕೆ ಏರುತ್ತದೆ. ಏರುತ್ತಾ ಹಿಗ್ಗಿ ತಣ್ಣಗಾಗುತ್ತದೆ, ಸುತ್ತಲಿನ ತಂಪು ಗಾಳಿಯನ್ನು ಒಳಗೆ ಎಳೆದುಕೊಂಡು ಇನ್ನೂ ತಣ್ಣಗಾಗುತ್ತದೆ. ಟ್ರೋಪೋಪಾಸ್ ಎಂಬ ಎತ್ತರ ದಾಟಿದ ಮೇಲೆ ಸುತ್ತಲಿನ ಗಾಳಿ ತಣ್ಣಗಾಗುವುದು ನಿಲ್ಲುತ್ತದೆ. ಏರುವ ಮೋಡಕ್ಕೆ ಇದ್ದ ಹಗುರತನ ಅಲ್ಲಿಗೆ ಮುಗಿಯುತ್ತದೆ. ನಮ್ಮ ತಲೆಯ ಮೇಲೆ ಇದು ಸುಮಾರು 16, 17 ಕಿ.ಮೀ. ಎತ್ತರದಲ್ಲಿದೆ. ಉತ್ತರಕ್ಕೆ ಹೋದಂತೆ ಕೆಳಗೆ ಇಳಿಯುತ್ತದೆ. ಕಿಲೋಟನ್ ಲೆಕ್ಕದ ಸ್ಫೋಟಗಳ ಮೋಡ ಹೆಚ್ಚಾಗಿ ಇದರ ಆಸುಪಾಸಿನಲ್ಲೇ ತಲೆ ಹರಡಿತು. ಮೆಗಾಟನ್ ಸ್ಫೋಟಗಳ ಮೋಡ ಇದನ್ನು ಸೀಳಿಕೊಂಡು ಹೋಯಿತು.

ಈಗ ಫಿಲ್ಮಿಗೆ ಬರೋಣ

1945ರಿಂದ 1962ರವರೆಗೆ ಅಮೆರಿಕ ಗಾಳಿಯಲ್ಲಿ 210 ಪರೀಕ್ಷೆ ನಡೆಸಿತು. ಅವುಗಳ ಸುಮಾರು 10,000 ಫಿಲ್ಮುಗಳಿದ್ದವು. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಗ್ರೆಗ್ ಸ್ಪ್ರಿಗ್ಸ್ ಮತ್ತು ಜೊತೆಯವರು ಅವನ್ನು ಹುಡುಕಿ, ಸ್ಕ್ಯಾನ್ ಮಾಡಿ, ಮತ್ತೆ ಅಳೆಯಲು ಶುರು ಮಾಡಿದರು. ಹಿಂದೆ ಕೈಯಲ್ಲಿ ಮಾಡಿದ ಅಳತೆಗಳಲ್ಲಿ ತಪ್ಪುಗಳು ಕಂಡದ್ದೇ ಇದಕ್ಕೆ ಕಾರಣ. ಗೌಪ್ಯತೆ ತೆಗೆದ ಫಿಲ್ಮುಗಳನ್ನು 2017ರಿಂದ ಯೂಟ್ಯೂಬಿನಲ್ಲಿ ಹಾಕಿದ್ದಾರೆ. ಬಹಳಷ್ಟು ಬರೀ ಬೆಂಕಿ ಉಂಡೆಯ ಹತ್ತಿರದ ಚಿತ್ರಗಳು. ನಿಮಗೆ ಬೇಕಾದದ್ದು ನೆಲವೂ ಮೋಡದ ತುದಿಯೂ ಒಟ್ಟಿಗೆ ಕಾಣುವ, ಕ್ಯಾಮೆರಾ ಅಲುಗದ ಫಿಲ್ಮು.

ಅಳೆಯುವ ಮೊದಲು ಚಿತ್ರ ಯಾವುದರದು ಎಂದು ಖಾತ್ರಿ ಮಾಡಿಕೊಳ್ಳಿ. ಹಿರೋಷಿಮಾದ ಅಣಬೆ ಮೋಡ ಎಂದು ಎಷ್ಟೋ ಪುಸ್ತಕಗಳಲ್ಲಿ ಅಚ್ಚಾದ ಒಂದು ಪ್ರಸಿದ್ಧ ಚಿತ್ರ ಸ್ಫೋಟದ ಮೋಡದ್ದಲ್ಲ. ಕೆಲವು ಗಂಟೆ ಕಳೆದ ಮೇಲೆ ಊರಿಗೆ ಊರೇ ಹೊತ್ತಿ ಉರಿದಾಗ ಎದ್ದ ಹೊಗೆಯದ್ದು. ಅದನ್ನು ಎಷ್ಟೇ ಚೆನ್ನಾಗಿ ಅಳೆದರೂ ಬೇರೆಯದೇ ವಸ್ತುವಿನ ಎತ್ತರ ಸಿಗುತ್ತದೆ. ನೆವಾಡಾ ಚಿತ್ರಗಳಲ್ಲಿ ಮೋಡದ ಪಕ್ಕ ನೆಟ್ಟಗೆ ನಿಂತ ಹೊಗೆಯ ಗೆರೆಗಳನ್ನು ನೋಡಿರಬಹುದು. ಅವೂ ಸ್ಫೋಟದ ಭಾಗವಲ್ಲ. ಆಘಾತದ ಅಲೆ ಹೇಗೆ ಹೋಗುತ್ತದೆ ಎಂದು ನೋಡಲು ಮೊದಲೇ ಹಾರಿಸಿದ ಹೊಗೆ ರಾಕೆಟ್‌ಗಳ ಜಾಡು.

ಕೈ ಪಳಗಿಸಲು ಟ್ರಿನಿಟಿಯ ಚಿತ್ರ ತೆಗೆದುಕೊಳ್ಳಿ. 1945ರ ಜುಲೈ 16ರ ಆ ಮೊದಲ ಸ್ಫೋಟದ ಒಂದು ಚಿತ್ರದ ಮೇಲೆ ಸಮಯ 0.025 ಸೆಕೆಂಡ್ ಎಂದೂ, 100 ಮೀಟರಿನ ಅಳತೆ ಗೆರೆಯೂ ಇದೆ. ಗೆರೆಯ ಪಿಕ್ಸೆಲ್ ಎಣಿಸಿ, ಬೆಂಕಿ ಉಂಡೆಯ ಪಿಕ್ಸೆಲ್ ಎಣಿಸಿ. ನಡುವಿನಿಂದ ಅಂಚಿಗೆ ಸುಮಾರು 140 ಮೀಟರ್ ಬರಬೇಕು. ಬ್ರಿಟನ್ನಿನ ವಿಜ್ಞಾನಿ ಜೆಫ್ರಿ ಟೇಲರ್ ಇಂಥ ಚಿತ್ರಗಳಿಂದಲೇ ಸ್ಫೋಟದ ಶಕ್ತಿಯನ್ನು ಲೆಕ್ಕ ಹಾಕಿ 1950ರಲ್ಲಿ ಪ್ರಕಟಿಸಿದರು. ಆ ತ್ರಿಜ್ಯದ ಐದನೇ ಘಾತ ತೆಗೆದು (140×140×140×140×140), ಗಾಳಿಯ ಸಾಂದ್ರತೆಯಿಂದ ಗುಣಿಸಿ, ಸಮಯದ ವರ್ಗದಿಂದ ಭಾಗಿಸಿ. ಜೂಲ್‌ನಲ್ಲಿ ಬಂದ ಉತ್ತರವನ್ನು ಕಿಲೋಟನ್‌ಗೆ ಬದಲಾಯಿಸಿದರೆ 20ರಿಂದ 25 ಕಿಲೋಟನ್ ಆಸುಪಾಸಿಗೆ ಬರುತ್ತೀರಿ. ಈ ಲೆಕ್ಕ ನಾನು ಮೊದಲ ಸಲ ಮಾಡಿದ ದಿನ ಎಷ್ಟೋ ಹೊತ್ತು ಆ ಕಾಗದವನ್ನೇ ನೋಡುತ್ತಾ ಕೂತಿದ್ದೆ.

ಮೋಡದ ಫಿಲ್ಮಿನಲ್ಲಿ ಅಳತೆ ಗೆರೆ ಇರುವುದಿಲ್ಲ. ಲೆನ್ಸಿನ ಫೋಕಲ್ ಲೆಂತ್ ದಾಖಲೆಯಲ್ಲಿ ಸಿಕ್ಕರೆ ಸರಿ. 35 ಮಿ.ಮೀ. ಸಿನಿಮಾ ಫಿಲ್ಮಿನ ಚಿತ್ರ ಸುಮಾರು 22 ಮಿ.ಮೀ. ಅಗಲ. ಅದು ಪೂರ್ತಿ 1920 ಪಿಕ್ಸೆಲ್ ಆಗಿ ಬಂದಿದ್ದು, ಲೆನ್ಸ್ 50 ಮಿ.ಮೀ. ಆಗಿದ್ದರೆ, 1920ನ್ನು 22ರಿಂದ ಭಾಗಿಸಿ 50ರಿಂದ ಗುಣಿಸಿ, ಕ್ಯಾಮೆರಾ ಸಂಖ್ಯೆ ಸುಮಾರು 4360. ಅಂಚು ಕತ್ತರಿಸಿದ್ದರೆ ಇದು ಸುಳ್ಳಾಗುತ್ತದೆ. ಹಾಗಾಗಿ ನೆಲದ ಗುರುತುಗಳಿಂದ ಪರೀಕ್ಷಿಸಿ. ನೆವಾಡಾದ ಗುಡ್ಡಗಳು ಈಗಲೂ ಅಲ್ಲೇ ಇವೆ, ಗೂಗಲ್ ಅರ್ಥ್‌ನಲ್ಲಿ ಕಾಣುತ್ತವೆ. ಎರಡು ಶಿಖರಗಳ ನಡುವೆ ಎಷ್ಟು ಡಿಗ್ರಿ, ಫಿಲ್ಮಿನಲ್ಲಿ ಎಷ್ಟು ಪಿಕ್ಸೆಲ್ ಎಂದು ನೋಡಿದರೆ ಸಂಖ್ಯೆ ಸಿಗುತ್ತದೆ. ಕ್ಯಾಮೆರಾ ಎಲ್ಲಿತ್ತು ಎಂಬುದನ್ನೂ ಗುಡ್ಡಗಳ ಸಾಲು ಹೇಳಿಕೊಡುತ್ತದೆ. ಟೆರೇಸಿನಿಂದ ಕಟ್ಟಡಗಳನ್ನು ಹಿಡಿದು ಮಾಡಿದ ಕೆಲಸವೇ ಇದು.

ಸಮಯ

ಫಿಲ್ಮಿನಲ್ಲಿ ಇಡೀ ಚಿತ್ರ ಬಿಳಿಯಾಗುವ ಮೊದಲ ಫ್ರೇಮ್ ಸೊನ್ನೆ. ಅಲ್ಲಿಂದ ಎಣಿಸಿ. ಆದರೆ ಸೆಕೆಂಡಿಗೆ ಎಷ್ಟು ಫ್ರೇಮ್? ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 30 ಫ್ರೇಮಿನ ವಿಡಿಯೋ ಮಾಡುವಾಗ ಕೆಲವು ಫ್ರೇಮುಗಳನ್ನು ಎರಡು ಸಲ ತೋರಿಸುತ್ತಾರೆ. ಒಂದೊಂದೇ ಫ್ರೇಮ್ ಮುಂದೆ ಹೋಗಿ ನೋಡಿ. ಐದರಲ್ಲಿ ಒಂದು ಹಿಂದಿನದೇ ಆಗಿದ್ದರೆ ಅದನ್ನು ಬಿಟ್ಟು ಎಣಿಸಬೇಕು. ಕ್ಯಾಮೆರಾಗಳ ನಿಜವಾದ ವೇಗವೂ ಬರೆದದ್ದಕ್ಕಿಂತ ಬೇರೆ ಇರುತ್ತಿತ್ತು. ಅದಕ್ಕೇ ಮೂಲ ಫಿಲ್ಮಿನ ಅಂಚಿನಲ್ಲಿ ಸಮಯದ ಚುಕ್ಕಿಗಳನ್ನು ಹಾಕುತ್ತಿದ್ದರು. ಸ್ಕ್ಯಾನಿನಲ್ಲಿ ಅಂಚು ಉಳಿದಿದ್ದರೆ ಅದೇ ಚಿನ್ನ.

ಶಬ್ದವನ್ನು ಸುಲಭಕ್ಕೆ ನಂಬಬೇಡಿ. ಬೆಳಕಿನ ಜೊತೆಗೇ ಸ್ಫೋಟದ ಸದ್ದು ಕೇಳಿದರೆ ಅದು ಆಮೇಲೆ ಸೇರಿಸಿದ್ದು. ನಿಜವಾದ ಸದ್ದು 11 ಕಿ.ಮೀ. ದೂರಕ್ಕೆ ಬರಲು ಸುಮಾರು 32 ಸೆಕೆಂಡು ಬೇಕು. ಸ್ಥಳದಲ್ಲೇ ದಾಖಲಾದ ಸದ್ದಿದ್ದರೆ ಮಾತ್ರ ಅದು ವರ. ಮಿಂಚು, ಗುಡುಗಿನ ಲೆಕ್ಕದಲ್ಲೇ ದೂರವನ್ನು ಒಂದು ಸಲ ಪರೀಕ್ಷಿಸಬಹುದು.

ಹತ್ತಿರದ ಅಂಚಿನ ಮೋಸ

ಜಾಸ್ತಿ ಜನ ಎಡವುವುದು ಇಲ್ಲೇ. ಮೋಡ ಒಂದು ಗೆರೆಯಲ್ಲ, ದೊಡ್ಡ ಗುಂಡು. ಹತ್ತಿರ ನಿಂತು ತಲೆ ಎತ್ತಿ ನೋಡಿದರೆ ನಮಗೆ ಕಾಣುವುದು ಅದರ ನೆತ್ತಿ ಅಲ್ಲ, ನಮ್ಮ ಕಡೆಗೆ ಉಬ್ಬಿದ ಅಂಚು. ಮನೆಯಲ್ಲಿ ಒಂದು ದೊಡ್ಡ ಚೆಂಡನ್ನು ಕಪಾಟಿನ ಮೇಲಿಟ್ಟು ಬುಡದಲ್ಲಿ ನಿಂತು ನೋಡಿ, ಅರ್ಥವಾಗುತ್ತದೆ.

ಟ್ರಿನಿಟಿಯಲ್ಲಿ ಒಂದು ಮುಖ್ಯ ಕ್ಯಾಮೆರಾ ನೆಲೆ 10,000 ಗಜ, ಅಂದರೆ ಸುಮಾರು 9.1 ಕಿ.ಮೀ. ದೂರದಲ್ಲಿತ್ತು. ಅಷ್ಟು ದೂರದಲ್ಲಿ 2 ಕಿ.ಮೀ. ತ್ರಿಜ್ಯದ ಒಂದು ಗುಂಡು ಮೋಡ, ಅದರ ನಡು 8 ಕಿ.ಮೀ. ಎತ್ತರದಲ್ಲಿ ಇದೆ ಎಂದುಕೊಳ್ಳೋಣ. ನಿಜವಾದ ನೆತ್ತಿ 10 ಕಿ.ಮೀ. ಆದರೆ ಕಾಣುವ ಅಂಚಿನ ಕೋನ ಹಿಡಿದು 9.1ರಿಂದ ಗುಣಿಸಿದರೆ 11.2 ಕಿ.ಮೀ. ಬರುತ್ತದೆ. ಒಂದು ಕಿಲೋಮೀಟರಿಗೂ ಜಾಸ್ತಿ ಸುಳ್ಳು ಎತ್ತರ. ಇದೇ ಮೋಡವನ್ನು 60 ಕಿ.ಮೀ. ದೂರದಿಂದ ನೋಡಿದರೆ ತಪ್ಪು ಬರೀ 30 ಮೀಟರ್. ಎತ್ತರಕ್ಕೆ ದೂರದ ಕ್ಯಾಮೆರಾ ಒಳ್ಳೆಯದು ಎಂದು ಹೇಳಿದ್ದು ಇದಕ್ಕೇ. ಬ್ರಾವೊದಂಥ 100 ಕಿ.ಮೀ. ಅಗಲದ ಮೋಡಕ್ಕೆ 50 ಕಿ.ಮೀ. ದೂರದಲ್ಲಿ ನಿಂತರೆ ಅಂಚು ನಿಮ್ಮ ನೆತ್ತಿಯ ಮೇಲೇ ಬಂದಿರುತ್ತದೆ. ಅಲ್ಲಿ ಕೋನಕ್ಕೆ ಅರ್ಥವೇ ಉಳಿಯುವುದಿಲ್ಲ.

ಹತ್ತಿರದ ಫಿಲ್ಮೇ ಗತಿ ಎಂದಾದರೆ ಮೋಡದ ಅಗಲವನ್ನೂ ಅಳೆಯಿರಿ. ಅರ್ಧ ಅಗಲ ತ್ರಿಜ್ಯ ಎಂದು ಹಿಡಿದು, ಯಾವ ಗುಂಡಿಗೆ ಈ ಅಂಚಿನ ಕೋನ ಹೊಂದುತ್ತದೆ ಎಂದು ಹುಡುಕಿ. ತಲೆ ಚಪ್ಪಟೆಯಾದ ಮೇಲೆ ಇದೂ ನಡೆಯುವುದಿಲ್ಲ. ಅಲ್ಲಿಗೆ ಅಳತೆ ನಿಲ್ಲಿಸಿ.

ಗಾಳಿಯನ್ನೂ ಮರೆಯಬೇಡಿ. ಮೇಲಿನ ಗಾಳಿ ಸೆಕೆಂಡಿಗೆ 25 ಮೀಟರ್ ಬೀಸುತ್ತಿದ್ದರೆ ಐದು ನಿಮಿಷದಲ್ಲಿ ಮೋಡ 7.5 ಕಿ.ಮೀ. ಸರಿದಿರುತ್ತದೆ. ಅದು ಕ್ಯಾಮೆರಾ ಕಡೆಗೇ ಬಂದರೆ ಮೋಡ ಏರದಿದ್ದರೂ ಏರುತ್ತಿರುವಂತೆ ಕಾಣುತ್ತದೆ. ಎರಡನೆಯ ಕ್ಯಾಮೆರಾದ ಫಿಲ್ಮು ಸಿಕ್ಕರೆ ಮಾತ್ರ ಇದಕ್ಕೆ ನಿಜವಾದ ಪರಿಹಾರ.

ನಿಮ್ಮ ಗ್ರಾಫನ್ನು ಯಾವುದಕ್ಕೆ ಹೋಲಿಸಬೇಕು

ಅಮೆರಿಕ ಸರ್ಕಾರ 1977ರಲ್ಲಿ ಹೊರತಂದ ಕೈಪಿಡಿಯಲ್ಲಿ, ಗಾಳಿಯಲ್ಲಿ ಸಿಡಿದ 1 ಮೆಗಾಟನ್ ಬಾಂಬಿನ ಮೋಡ ಏರುವ ಒಂದು ಪಟ್ಟಿ ಇದೆ. ಮೈಲಿಯನ್ನು ಕಿಲೋಮೀಟರ್ ಮಾಡಿದರೆ ಹೀಗೆ: 18 ಸೆಕೆಂಡಿಗೆ 3.2 ಕಿ.ಮೀ., 42 ಸೆಕೆಂಡಿಗೆ 6.4, 66 ಸೆಕೆಂಡಿಗೆ 9.7, ಎರಡೂವರೆ ನಿಮಿಷಕ್ಕೆ 16, ಮೂರು ನಿಮಿಷ 48 ಸೆಕೆಂಡಿಗೆ 19.3. ಶುರುವಿನಲ್ಲಿ ವೇಗ ಗಂಟೆಗೆ 330 ಮೈಲಿ, ಅಂದರೆ ಸೆಕೆಂಡಿಗೆ ಸುಮಾರು 150 ಮೀಟರ್. ಕೋಲಾರದ ಮೇಲಿನ ನಮ್ಮ ಮೋಡದ ಹದಿನೈದು ಪಟ್ಟು. ಕೊನೆಗೆ ಅದು ಗಂಟೆಗೆ 27 ಮೈಲಿಗೆ ಇಳಿಯುತ್ತದೆ. ಆಗ ಅದರ ವೇಗವೂ ನಮ್ಮ ಗುಡುಗಿನ ಮೋಡದ್ದೂ ಹೆಚ್ಚುಕಡಿಮೆ ಒಂದೇ.

ಈ ಪಟ್ಟಿಯಲ್ಲಿ ಒಂದು ಪಾಠವೂ ಅಡಗಿದೆ. 3.2ರಿಂದ 6.4ಕ್ಕೆ 24 ಸೆಕೆಂಡು, 6.4ರಿಂದ 9.7ಕ್ಕೂ 24 ಸೆಕೆಂಡು. ವೇಗ ಕಡಿಮೆಯೇ ಆಗಲಿಲ್ಲವೇ? ಪಕ್ಕದ ಕಾಲಂ ನೋಡಿದರೆ ವೇಗ ಗಂಟೆಗೆ 330ರಿಂದ 220 ಮೈಲಿಗೆ ಇಳಿದಿದೆ. ಸಮಯವನ್ನು ನಿಮಿಷದ ಹತ್ತನೇ ಒಂದು ಭಾಗಕ್ಕೆ, ಅಂದರೆ 6 ಸೆಕೆಂಡಿಗೆ ದುಂಡಗೆ ಮಾಡಿದ್ದಾರೆ. ಅಷ್ಟರಲ್ಲೇ ನಿಧಾನವಾದದ್ದು ಮುಚ್ಚಿಹೋಗಿದೆ. ಅದಕ್ಕೇ ನಿಮ್ಮ ಅಂಕಿಗಳನ್ನು ಲೆಕ್ಕದ ನಡುವೆ ದುಂಡಗೆ ಮಾಡಬೇಡಿ.

ನಿಮ್ಮ ಗ್ರಾಫ್ ಮೊದಲು ಕಡಿದಾಗಿ ಏರಿ, ಆಮೇಲೆ ಬಾಗಿ, ಸುಮಾರು ಹತ್ತು ನಿಮಿಷದ ಹೊತ್ತಿಗೆ ಸಮವಾಗಬೇಕು. ಸಮವಾದ ಎತ್ತರವೇ ವಿಕಿರಣ ಧೂಳಿನ ಲೆಕ್ಕಕ್ಕೆ ಬೇಕಾದದ್ದು. ತುದಿಯ ಜೊತೆ ತಲೆಯ ಕೆಳಗಿನ ಅಂಚನ್ನೂ ಅಳೆಯಿರಿ. ಧೂಳು ನಿಂತಿರುವುದು ಆ ಎರಡರ ನಡುವೆ.

ಅಳೆದದ್ದನ್ನು ಬರೆದಿಡುವ ಬಗೆ

ಗಾಳಿಯಲ್ಲಿ ಸಿಡಿದ ಕೊನೆಯ ಪರಮಾಣು ಪರೀಕ್ಷೆ ಚೀನಾದ್ದು, 1980ರ ಅಕ್ಟೋಬರ್ 16ರಂದು. ನೆಲದೊಳಗಿನ ಪರೀಕ್ಷೆಗಳಿಗೆ ಇಂಥ ಮೋಡ ಇರುವುದಿಲ್ಲ. ಅವನ್ನು ನೆಲದ ಕಂಪನದಿಂದ ಹಿಡಿಯುತ್ತಾರೆ. ನಮ್ಮ ಪಕ್ಕದ ಗೌರಿಬಿದನೂರಿನಲ್ಲಿ 1965ರಿಂದ ಇರುವ ಕಂಪನ ಕೇಂದ್ರ ಅದೇ ಕೆಲಸ ಮಾಡುತ್ತದೆ. ಅಂದರೆ ಅಳೆಯಲು ನಮಗೆ ಇರುವುದು ಈ ಹಳೆಯ ಫಿಲ್ಮುಗಳಷ್ಟೇ. ಅವೂ ಕೊಳೆಯುತ್ತಿವೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ ಬರುತ್ತದೆ ಎಂದು ಸ್ಕ್ಯಾನ್ ಮಾಡಿದವರು ಹೇಳಿದ್ದಾರೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೀ ಕೊನೆಯ ಎತ್ತರ ಬರೆಯಬೇಡಿ. ಫ್ರೇಮ್ ಸಂಖ್ಯೆ, ಮಟ್ಟದ ಗೆರೆಯ ಪಿಕ್ಸೆಲ್, ತುದಿಯ ಪಿಕ್ಸೆಲ್, ಕ್ಯಾಮೆರಾ ಸಂಖ್ಯೆ, ದೂರ, ಆ ದೂರ ಎಲ್ಲಿಂದ ಬಂತು, ಇಷ್ಟನ್ನೂ ಬರೆಯಿರಿ. ಒಂದೇ ತುದಿಯನ್ನು ಮೂರು ದಿನ, ಮೂರು ಸಲ ಅಳೆಯಿರಿ. ಮೂರು ಉತ್ತರಗಳ ನಡುವಿನ ಅಂತರವನ್ನೂ ಬರೆಯಿರಿ.

ಎರಡು ಟೆರೇಸಿನ ಅಳತೆ ಶುರುವಾದ ಹೊಸತರಲ್ಲಿ ಒಂದು ಸಂಜೆ ಗೆಳತಿಯ ಫೋಟೋ ನನ್ನ ಕೈಸೇರಿರಲಿಲ್ಲ. ನಾನು ಉಪಗ್ರಹ ಚಿತ್ರದಲ್ಲಿ ಪಕ್ಕದ ಇನ್ನೊಂದು ಮೋಡವನ್ನು ಹಿಡಿದು ದೂರ 75 ಕಿ.ಮೀ. ಎಂದು ಬರೆದಿದ್ದೆ. ತುದಿ 690 ಪಿಕ್ಸೆಲ್. ಎತ್ತರ 18.6 ಕಿ.ಮೀ. ಬಂತು. ಟ್ರೋಪೋಪಾಸನ್ನೂ ದಾಟಿದ ಮೋಡ! ನಂಬಲು ಮನಸ್ಸು ಬಹಳ ಆಸೆಪಟ್ಟಿತು. ಅಂಕಿಯ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟೆ. ಆರು ತಿಂಗಳ ನಂತರ ಗೆಳತಿ ತನ್ನ ಹಳೆಯ ಮೊಬೈಲಿನಿಂದ ಅದೇ ಸೆಕೆಂಡಿನ ಫೋಟೋ ತೆಗೆದು ಕಳಿಸಿದಳು. ಎರಡು ದಿಕ್ಕು ಕೂಡಿಸಿದಾಗ ದೂರ 61 ಕಿ.ಮೀ. ಪಿಕ್ಸೆಲ್ ಅದೇ 690. ಎತ್ತರ 15.2 ಕಿ.ಮೀ. ಹಳೆಯ ಅಂಕಿಯನ್ನು ಅಳಿಸದೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ತಾರೀಖಿನ ಜೊತೆ ಬರೆದಿದ್ದೇನೆ.